ಯಾರ್ಯಾರು ಕೈ ಹಾಕಿದ್ದರು

“ಮೊದಲ ಆ ಫ್ಯಾನ್ ಬಂದ್ ಮಾಡ್ರಿ,” ಎಂದು ಪಾರಿಸ ಬಾಗಿಲಲ್ಲೇ ನಿಂತುಬಿಟ್ಟ. ಏಪ್ರಿಲ್ ತಿಂಗಳ ಧಗೆ. ಶಿರಗುಪ್ಪಿಯ ಆ ಸಣ್ಣ ಸರಕಾರಿ ದವಾಖಾನೆಗೆ ಜನ ಫ್ಯಾನಿನ ಗಾಳಿಗಾಗಿಯೂ ಬಂದು ಕೂರುತ್ತಿದ್ದರು. ಡಾಕ್ಟರ್ ಪ್ರಾಜಕ್ತಾ ಎದ್ದು ಗುಂಡಿ ಒತ್ತಿದಳು. ರೆಕ್ಕೆಗಳು ಪೂರ್ತಿ ನಿಂತ ಮೇಲೆಯೇ ಅವನು ಒಳಗೆ ಬಂದ. ಮೂಗು, ಬಾಯಿಗೆ ಟವೆಲ್ ಸುತ್ತಿಕೊಂಡಿದ್ದ. ಹಿಂದೆಯೇ ಅವನ ಹೆಂಡತಿ ಕುಸುಮ.

“ಗಂಟಲ ಹಿಡದೈತ್ರಿ ಡಾಕ್ಟರ್ ಬಾಯಾರ,” ಎಂದಳು ಕುಸುಮ. “ನಿನ್ನಿಯಿಂದ ಒಂದ ತುತ್ತ ಇಳದಿಲ್ಲ. ಬ್ಯಾರೆ ಕಡೆ ತೋರಿಸಿದ್ವಿ, ಬಾವು ಬಂದೈತಿ ಅಂತ ಗುಳಗಿ ಕೊಟ್ರು. ಗುಳಗಿ ನುಂಗಾಕರ ನೀರ ಬೇಕಲ್ರಿ? ನೀರ ಕಂಡ್ರ ದೂರ ಸರೀತಾರ.”

ಪ್ರಾಜಕ್ತಾ ಟವೆಲ್ ತುಸು ಸರಿಸಿ, ಬ್ಯಾಟರಿ ಬಿಟ್ಟು ಗಂಟಲು ನೋಡಿದಳು. ಕೆಂಪಿಲ್ಲ, ಬಾವಿಲ್ಲ. ಜ್ವರವೂ ಅಂಥದ್ದೇನಿಲ್ಲ.

“ನೋವು ಎಲ್ಲೈತಿ, ಪಾರಿಸಣ್ಣಾ? ಕೈ ಇಟ್ಟ ತೋರಸ್ರಿ.”

“ನೋವಲ್ರಿ, ಅಂಜಿಕಿ,” ಎಂದ ಅವನು. ಹಾಗೆ ಹೇಳಲು ನಾಚಿಕೆಯಾದಂತಿತ್ತು. “ನೀರಿನ ತಂಬಗಿ ಬಾಯಿ ಹತ್ರ ತಂದ್ರ ಸಾಕು, ಯಾರೋ ಕುತಗಿ ಹಿಚಕಿದಂಗ ಆಗ್ತೈತಿ. ನೀರಡಿಕಿ ಮಾತ್ರ ಭಾಳ ಐತ್ರಿ.”

ಪ್ರಾಜಕ್ತಾ ನಿಂತ ಫ್ಯಾನನ್ನು ಒಮ್ಮೆ ತಲೆಯೆತ್ತಿ ನೋಡಿದಳು. ಗಾಳಿಗೂ ಅಂಜಿಕೆ, ನೀರಿಗೂ ಅಂಜಿಕೆ. ಆ ರೋಗವನ್ನು ಅವಳು ಓದಿದ್ದಳೇ ಹೊರತು ಕಂಡಿರಲಿಲ್ಲ. ತನ್ನ ಊಹೆ ಸುಳ್ಳಾಗಲಿ ಎಂದುಕೊಂಡೇ ಕೇಳಿದಳು: “ನಾಯಿ ಏನರ ಕಡದಿತ್ತನ್ರಿ? ಈ ವರ್ಷ ಇರ್ಲಿ, ಹ್ವಾದ ವರ್ಷ ಇರ್ಲಿ?”

“ಇಲ್ರಿ.”

“ನಾಯಿಮರಿ? ಬೆಕ್ಕ? ಉಗುರ ತಾಗಿದ್ದು?”

“ಇಲ್ಲಂದ್ರ ಇಲ್ರಿ,” ಎಂದಳು ಕುಸುಮ. “ನಾವ ಇರೂದು ತ್ವಾಟದ ಮನ್ಯಾಗ. ನಾಯಿ ಸಾಕಿಲ್ಲ.”

ಪ್ರಾಜಕ್ತಾಳಿಗೆ ಹೋದ ಉಸಿರು ಬಂದಂತಾಯಿತು. ಹಾಗಾದರೆ ಬೇರೇನೋ ಇರಬೇಕು. ಧನುರ್ವಾಯುವೇ? ದವಡೆ ಸಡಿಲವಾಗಿಯೇ ಇತ್ತು. ಏನಾದರೂ ಹೆದರಿಕೆ ಮನಸ್ಸಿಗೆ ಹೊಕ್ಕಿದೆಯೇ? ಬೆಳಗಾವಿಯ ಗಂಟಲಿನ ಡಾಕ್ಟರಿಗೆ ಚೀಟಿ ಬರೆದು ಕಳಿಸೋಣವೆಂದು ಪೆನ್ನು ಎತ್ತಿಕೊಂಡಳು. ಆಗ ಗಮನಕ್ಕೆ ಬಂತು: ಪಾರಿಸ ಎಡಗೈಯಿಂದ ಬಲಗೈಯನ್ನು ಒಂದೇ ಸಮನೆ ತಿಕ್ಕುತ್ತಿದ್ದ.

“ಕೈಗೇನಾಗೇತ್ರಿ?”

“ಏನಿಲ್ರಿ, ಜುಮ್ ಅಂತೈತಿ. ಇರವಿ ಹರದಾಡಿದಂಗ.”

ಅವಳು ಆ ಕೈ ಹಿಡಿದು ತಿರುವಿ ನೋಡಿದಳು. ಬೆರಳುಗಳ ಮೇಲೆ ಮಾಯ್ದ ಗೀರುಗಳು. ಏನಾದರೂ ಕಡಿದಿತ್ತೇ ಎಂದು ಮತ್ತೆ ಕೇಳದೆ, “ಈ ಗಾಯ ಹೆಂಗಾದ್ವು?” ಎಂದಳು.

“ಕಬ್ಬ ಕಡಿಯೂವಾಗ ಕೆಲವು ಆಗ್ಯಾವ್ರಿ. ಇವೆರಡು ಎಮ್ಮಿ ಹಲ್ಲ ತಾಗಿದ್ದು. ಶಿವರಾತ್ರಿ ಮುಂದ ನಮ್ಮ ಎಮ್ಮಿ ಮೇವ ಬಿಟ್ಟಿತ್ರಿ. ಜೊಲ್ಲ ಸುರಸ್ಕೋತ ಒದರತಿತ್ತು. ಗಂಟಲಾಗ ಕಬ್ಬಿನ ತುಂಡ ಸಿಕ್ಕಿರಬೇಕು ಅಂತ ಮೊಣಕೈತನಾ ಕೈ ಹಾಕಿ ಹುಡುಕಿದ್ನಿ. ಏನೂ ಸಿಗಲಿಲ್ಲ. ಪಾಪ, ಸತ್ತ ಹೋತು.”

ಆ ಎಮ್ಮೆಯ ಗಂಟಲಲ್ಲಿ ಕಬ್ಬಿರಲಿಲ್ಲ. ಇವರಿಗೆ ಗೊತ್ತಿಲ್ಲದಂತೆ ಯಾವುದೋ ಹುಚ್ಚುನಾಯಿ ಅದನ್ನು ಕಡಿದಿರಬೇಕು. ಹುಚ್ಚು ಅದರ ಜೊಲ್ಲಿನಲ್ಲಿತ್ತು. ಜೊಲ್ಲು ಇವನ ಗಾಯಕ್ಕೆ ಇಳಿದಿತ್ತು. ರೋಗ ತಲೆಗೆ ಮುಟ್ಟಿದ ಮೇಲೆ ಮದ್ದಿಲ್ಲ. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಡುತ್ತ ಎದುರಿಗೆ ಕೂತಿರುವ ಈ ಮನುಷ್ಯ ಮುಂದಿನ ವಾರ ಇರುವುದಿಲ್ಲ. ಪ್ರಾಜಕ್ತಾಳಿಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳುವುದಕ್ಕೆ ಬಾಯಿ ಬರಲಿಲ್ಲ, ಕೇಳದೆ ವಿಧಿಯಿರಲಿಲ್ಲ.

“ಎಮ್ಮಿ ಬಾಯಾಗ ಮತ್ತ್ಯಾರ್ಯಾರ ಕೈ ಹಾಕಿದ್ರಿ?”

“ಯಾರೂ ಇಲ್ರಿ,” ಎಂದ ಪಾರಿಸ.

ಕುಸುಮ ತನ್ನ ಅಂಗೈ ನೋಡಿಕೊಂಡಳು. “ಇವ್ರು ಊರಾಗ ಹೋದಾಗ ನಾನೂ ಹಾಕಿದ್ನಿರಿ, ಬೆಲ್ಲ ತಿನಸಾಕ. ಅವತ್ತ ಕಾಯಿಪಲ್ಲೆ ಹೆಚ್ಚೂವಾಗ ಬೆರಳ ಕೊಯ್ದಿತ್ತು, ಜೊಲ್ಲ ತಾಗಿ ಚುರುಚುರು ಅಂದಿತ್ತು. ಯಾಕ್ರಿ ಬಾಯಾರ?”

“ಮಕ್ಕಳು?”

“ಒಬ್ಬಾಕಿ ಮಗಳರಿ. ಚಿಕ್ಕೋಡ್ಯಾಗ ಹಾಸ್ಟೆಲ್‌ನ್ಯಾಗ ಅದಾಳ, ಬಂದಿರಲಿಲ್ಲ.”

ಪ್ರಾಜಕ್ತಾ ಸಿಸ್ಟರನ್ನು ಕೂಗಿ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿದಳು. ತಾನೇ ಹೋಗಿ ಫ್ರಿಜ್ಜಿನಿಂದ ಲಸಿಕೆಯ ಸೀಸೆ ತಂದಳು. ಸೂಜಿಗೆ ಮದ್ದು ಎಳೆದುಕೊಂಡಳು.

“ಕುಸುಮಾ ವೈನಿ, ಇಲ್ಲಿ ಬರ್ರಿ, ತೋಳ ಸಡಿಲ ಬಿಡ್ರಿ. ಇವತ್ತ ಒಂದ ಸೂಜಿ. ಬೆಳಗಾವಿಗೆ ಹೋದ ಕೂಡಲೇ ಇನ್ನೊಂದ ಔಷಧ ಹಾಕ್ತಾರ. ಉಳದ ಸೂಜಿ ಅವರ ಹೇಳಿದ ದಿನಾನ ಹಾಕ್ಸಿಕೊಳ್ರಿ, ಒಂದೂ ತಪ್ಪಿಸಬ್ಯಾಡ್ರಿ. ನಿಮಗ ಇನ್ನೂ ವ್ಯಾಳ್ಯಾ ಐತಿ.”

ಕುಸುಮ ಏನೂ ತಿಳಿಯದೆ ಗಂಡನ ಮುಖ ನೋಡುತ್ತ ತೋಳು ಕೊಟ್ಟಳು. ಸೂಜಿ ಇಳಿಯಿತು.

ಪಾರಿಸ ಮುಖದ ಟವೆಲ್ ಸರಿಸಿದ. ಅಂಗಿಯ ತೋಳು ಮಡಚಿಕೊಂಡು, ಹೆಂಡತಿ ಎದ್ದ ಸ್ಟೂಲಿನ ಮೇಲೆ ಬಂದು ಕೂತು ಕಾದ. ಪ್ರಾಜಕ್ತಾ ಅವನಿಗೆ ಬೆನ್ನು ಮಾಡಿ ಫ್ರಿಜ್ಜಿನ ಬಾಗಿಲು ಹಾಕಿದಳು.

“ಜಡ್ಡ ಬಂದದ್ದ ನನಗಲ್ಲೇನ್ರಿ ಬಾಯಾರ?” ಎಂದ ಅವನು, ತೋಳು ಚಾಚಿಕೊಂಡೇ. “ಅಕಿಗಷ್ಟ ಯಾಕ ಮಾಡಿದ್ರಿ?”