ಕಾರೆಗುಡ್ಡದ ಕಾಡಿಲಿ

ಕಾರೆಗುಡ್ಡದ ಕೊನೆಯ ಕಾಡಿಲಿ ಸತ್ತು ಹನ್ನೊಂದು ವರ್ಷವಾಗಿತ್ತು. ಕಾಡಿಲಿ ಇರುವ ಗುಡ್ಡಕ್ಕೆ ಕ್ವಾರಿಯವರು ಕಾಲಿಡುವಂತಿಲ್ಲ, ಇಲ್ಲದ ಗುಡ್ಡ ಜಲ್ಲಿಗೆ ಮೀಸಲು ಎಂಬುದು ಕಾನೂನು. ಹಾಗಾಗಿ ಗುಡ್ಡದ ಬುಡದಲ್ಲಿರುವ ಇರುಳಿಗರ ದೊಡ್ಡಿಯ ಹೆಂಗಸರು ಅಂದಿನಿಂದ ಇಲಿಯ ಪಾಲಿನ ಕೆಲಸವನ್ನೂ ಮಾಡುತ್ತಿದ್ದರು. ಬೆಳಗ್ಗೆ ಒಲೆ ಹಚ್ಚುವ ಮೊದಲು ಗುಡ್ಡ ಹತ್ತಿ ಬಿಲ ತೋಡಬೇಕು, ಬೀಜ ಹೂಳಬೇಕು, ಹೊಂಗೆಕಾಯಿ ಕಡಿದು ಚೆಲ್ಲಬೇಕು. ಕಡಿಯುವ ಕೆಲಸ ಮುದುಕಿ ಬೋರಕ್ಕನದು. ಅವಳ ಬಾಯಲ್ಲಿ ಉಳಿದದ್ದು ಮುಂದಿನ ಎರಡೇ ಹಲ್ಲು. ಕಾಯಿಯ ಮೇಲೆ ಬೀಳುವ ಗುರುತು ಥೇಟ್ ಇಲಿಯದೇ. ಉಂಡ ಮುದ್ದೆಯೆಲ್ಲ ಕಹಿಯಾಗುತ್ತಿತ್ತು, ಅಷ್ಟೆ.

ಈ ಸಲ ಇಲಿಗಳ ನೆಲೆನಕ್ಷೆ ತಿದ್ದಲು ಬಂದ ಅರಣ್ಯ ಇಲಾಖೆಯ ಹೊಸ ಸಾಹೇಬ ಕಾಯಿಯ ಮೇಲಿನ ಹಲ್ಲಿನ ಗುರುತು ಅಳೆದ, ಆಮೇಲೆ ಬೋರಕ್ಕನ ಬಾಯಿ ನೋಡಿದ.

"ಇದು ಮನುಷ್ಯರ ಹಲ್ಲಮ್ಮ."

"ಮನುಷ್ಯರು ಅವ್ರೆ ಅಂತ ಬರುದ್ರೆ ಗುಡ್ಡ ಉಳಿತದಾ ಬುದ್ಧಿ?"

ಸಾಹೇಬ ನಕ್ಷೆ ನೋಡಿದ. ಅದರಲ್ಲಿ ಮನುಷ್ಯರಿಗೆ ಬಣ್ಣವೇ ಇರಲಿಲ್ಲ. "ಇಲ್ಲ," ಅಂದ.

"ಆಚೆ ಗುಡ್ಡದಿಂದ ನಮ್ಮನ್ನ ಹೊಗೆ ಹಾಕಿ ಓಡ್ಸಿದ್ರಲ್ಲ, ಅವತ್ತು ಯಾರೂ ಹಲ್ಲು ಅಳೀಲಿಲ್ಲ. ಇಲಿ ಅಂತ್ಲೇ ಬರ್ಕೊ."

ಸಾಹೇಬ ತಲೆ ತಗ್ಗಿಸಿ ಬರೆದ: ಕಾಡಿಲಿ, ಹೆಣ್ಣು, ಒಂದು.

"ಒಂದಲ್ಲ ಕಣಪ್ಪ," ಎಂದು ಬೋರಕ್ಕ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. "ನಲವತ್ತಾರು. ದೊಡ್ಡೀಲಿ ಮಕ್ಳೂ ಅವ್ರೆ."