ಮಾಡಿಸಿದ್ದು

ಫ್ಯಾನಿನ ಕೊನೆಯ ರೆಕ್ಕೆಗೆ ಹಳೇ ದಿಂಬಿನ ಕವರು ತೊಡಿಸಿ ಸೊಸೆ ಮೆಲ್ಲಗೆ ಎಳೆದಳು. ವರ್ಷದ ಧೂಳೆಲ್ಲ ಕವರಿನೊಳಗೇ ಬಿತ್ತು, ಕೆಳಗಿನ ಹಾಸಿಗೆಗೆ ಒಂದು ಚೂರೂ ಉದುರಲಿಲ್ಲ. ಕ್ರಿಸ್ಮಸ್ ರಜೆಗೆ ಬರಲಿರುವ ಮಗಳಿಗೆಂದು ಅತ್ತೆ ಅಲ್ಲಿ ಹೊಸ ಬಿಳಿ ಬೆಡ್‌ಶೀಟು ಹಾಸಿದ್ದರು. ಇಡೀ ಮನೆಯಲ್ಲಿ ಅವರ ಕೈ ಸೋಕಿದ ಕೆಲಸವೆಂದರೆ ಅದೊಂದೇ.

ಈಗ ಬಾಗಿಲಲ್ಲಿ ನಿಂತು ಮಗಳಿಗೇ ಫೋನು ಹಚ್ಚಿದ್ದರು. "ಅಟ್ಟದಿಂದ ಬಚ್ಚಲ ತನಕ ಎಲ್ಲಾ ಕ್ಲೀನ್ ಮಾಡಿಸಿದೀನಿ ಕಣೇ. ನಿಂಗೆ ಧೂಳು ಆಗಲ್ವಲ್ಲ."

ಮಾಡಿಸಿದೀನಿ. ಸ್ಟೂಲಿನ ಮೇಲಿದ್ದವಳ ಕೈ ನಿಂತಿತು. ಆ ಒಂದು ‘ಸಿ’ಯೊಳಗೆ ಅವಳ ವಾರದ ಸೊಂಟನೋವು ಹೇಳಹೆಸರಿಲ್ಲದೆ ಹೂತುಹೋಗಿತ್ತು.

"ಕೆಲಸದವಳು ಸಿಕ್ಕಿದ್ಲಾ ಅಮ್ಮ?" ಸ್ಪೀಕರಿನಲ್ಲಿ ಮಗಳ ದನಿ.

ಅತ್ತೆ ಒಮ್ಮೆ ತಲೆಯೆತ್ತಿ ಸೊಸೆಯನ್ನು ನೋಡಿ ನಕ್ಕರು. "ಹೂಂ, ಸಿಕ್ಕಿದಾಳೆ. ಅದೂ ಬಿಟ್ಟಿಗೆ."

ಸೊಸೆ ಕವರನ್ನು ಒಳಹೊರಗು ಮಾಡಿ, ಬಿಳಿ ಬೆಡ್‌ಶೀಟಿನ ಮೇಲೆ ಎರಡೂ ಕೈಯಲ್ಲಿ ಪಟಪಟನೆ ಕೊಡವಿದಳು. ಕರಿ ಧೂಳು ದಿಂಬಿನವರೆಗೂ ಹರಡಿತು.

"ಅಯ್ಯಯ್ಯೋ, ಏನೇ ಇದು!"

"ಕೆಲಸದವಳು ಬಿಟ್ಟುಹೋದ್ಲು ಅತ್ತೆ," ಎನ್ನುತ್ತ ಅವಳು ಸ್ಟೂಲಿನಿಂದಿಳಿದು, ಖಾಲಿ ಕವರನ್ನು ಅವರ ಹೆಗಲಿಗೆ ಹಾಕಿದಳು. "ಇನ್ಮೇಲೆ ಮಾಡಿಸೋದಲ್ಲ, ಮಾಡೋದು."