ಮೂರು ಕೊಕ್ಕೆಯ ಮದ್ದು

ಹಾವಿನಣ್ಣನ ರೆಪ್ಪೆ ಜೋತುಬಿದ್ದು ಅರ್ಧ ಗಂಟೆಯಾಗಿತ್ತು. ಲ್ಯಾಬಿನ ಹಾವುಗಳನ್ನು ನೋಡಿಕೊಳ್ಳುವವನು ಅವನೇ. ಬೆಳಿಗ್ಗೆ ವಿಷ ತೆಗೆಯುವಾಗ ಹಿಡಿತ ಕೂದಲೆಳೆಯಷ್ಟು ಜಾರಿತ್ತು, ಹೆಬ್ಬೆರಳಿಗೆ ಹಲ್ಲು ತಾಗಿತ್ತು. ಈಗ ಆಸ್ಪತ್ರೆಯಲ್ಲಿ ಅವನ ಉಸಿರನ್ನು ಯಂತ್ರ ನಡೆಸುತ್ತಿತ್ತು.

"ಈ ಹಾವಿನ ವಿಷಕ್ಕೆ ಮದ್ದಿಲ್ಲ. ನಿಮ್ಮ ಹತ್ರ ಏನೋ ಇದೆಯಂತಲ್ಲ?" ಡಾಕ್ಟರು ಅವನ ಜೊತೆ ಬಂದಿದ್ದ ಲ್ಯಾಬಿನ ಸಂಶೋಧಕಿಯನ್ನು ಕೇಳಿದರು. "ಗುಂಡಿಗೆ ನಿಧಾನ ಆಗ್ತಿದೆ. ಹೆಚ್ಚು ಹೊತ್ತಿಲ್ಲ."

ಇತ್ತು. ಆರು ವರ್ಷ ತಲೆ ಕೆಡಿಸಿಕೊಂಡು ಅವಳೇ ರೂಪಿಸಿದ ಮದ್ದಿನ ಅಣು. ಮೈಯಲ್ಲಿ ಹುಟ್ಟುವ ರೋಗನಿರೋಧಕಗಳು ವಿಷವನ್ನು ಒಂದು ಕಡೆ ಹಿಡಿದರೆ, ಇದು ಮೂರು ಕಡೆ ಒಟ್ಟಿಗೆ ಕೊಕ್ಕೆ ಹಾಕುತ್ತಿತ್ತು. ಒಂದು ಸಡಿಲವಾದರೂ ಇನ್ನೆರಡು ಬಿಡುತ್ತಿರಲಿಲ್ಲ. ಸೀಸೆ ಅವಳ ಕೈಯಲ್ಲಿನ ಐಸ್ ಡಬ್ಬಿಯಲ್ಲೇ ಇತ್ತು. ಮನುಷ್ಯರಿಗೆ ಇನ್ನೂ ಒಂದು ತೊಟ್ಟೂ ಕೊಟ್ಟಿರಲಿಲ್ಲ.

ಡಾಕ್ಟರು ಒಪ್ಪಿಗೆ ಪತ್ರವನ್ನು ಹಾವಿನಣ್ಣನ ಹೆಂಡತಿಯ ಮುಂದಿಟ್ಟರು. ಕೆಲಸದ ಏಪ್ರನ್ನಿನಲ್ಲೇ ಓಡಿಬಂದಿದ್ದ ಅವಳು ಪೆನ್ನು ಹಿಡಿದು ಸಂಶೋಧಕಿಯತ್ತ ತಿರುಗಿದಳು.

"ಇಲಿಗಳಿಗೆ ಕೊಟ್ಟಿದ್ದೀರಂತೆ. ಬದುಕಿದ್ವಾ?"

"ನಲವತ್ತಕ್ಕೆ ಮೂವತ್ತೇಳು ಬದುಕಿದ್ವು, ಅತ್ತಿಗೆ."

"ಉಳಿದ ಮೂರು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಅವು ಸತ್ತಿದ್ದು ವಿಷದಿಂದ ಅಲ್ಲ, ನನ್ನ ಮದ್ದಿನಿಂದ. ವಿಷ ಬಿಟ್ಟು ರಕ್ತವನ್ನೇ ಹಿಡಿದುಕೊಂಡಿತು. ಹಾಗೆ ಹಿಡಿದರೆ ಬಿಡಿಸೋಕೆ ನನ್ನ ಹತ್ರ ಏನೂ ಇಲ್ಲ."

"ಇವರಿಗೆ ನಮ್ಮ ಮಾತು ಕೇಳಿಸ್ತಿದೆಯಾ?"

"ಕೇಳಿಸುತ್ತೆ. ಕದಲೋಕೆ ಆಗಲ್ಲ, ಅಷ್ಟೇ," ಎಂದರು ಡಾಕ್ಟರು.

ಹೆಂಡತಿ ಬಗ್ಗಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಬಂದು ಸಹಿ ಹಾಕಿದಳು.

ಮದ್ದು ಹನಿಹನಿಯಾಗಿ ಇಳಿಯಿತು. ಆ ಮೂರು ಇಲಿಗಳು ಉಗುರು ನೀಲಿಗಟ್ಟಿ ಇಪ್ಪತ್ತು ನಿಮಿಷದಲ್ಲಿ ಸತ್ತಿದ್ದವು. ಮನುಷ್ಯನಿಗೆ ಎಷ್ಟು ಹೊತ್ತು ಬೇಕೋ ಯಾರು ಕಂಡವರು? ಅವನ ಉಗುರೂ ನೀಲಿಗಟ್ಟುತ್ತದೇನೋ ಎಂದು ಸಂಶೋಧಕಿ ಎವೆಯಿಕ್ಕದೆ ನೋಡುತ್ತ ನಿಂತಳು. ಗಂಟೆ ಕಳೆದ ಮೇಲೆ ಗುಂಡಿಗೆ ಬಡಿತ ಮೆಲ್ಲಗೆ ಏರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಹಾವಿನಣ್ಣ ಒಂದು ಕಣ್ಣು ಅರ್ಧ ತೆರೆದ.

ಡಾಕ್ಟರು ಸಂಶೋಧಕಿಯ ಬೆನ್ನು ತಟ್ಟಿ ಹೋದರು. ಅವಳಿಗೆ ನಗು ಬರಲಿಲ್ಲ.

"ಇನ್ನು ಭಯ ಇಲ್ಲ ಅಲ್ವಾ?" ಹೆಂಡತಿ ಕೇಳಿದಳು.

"ಗೊತ್ತಿಲ್ಲ ಅತ್ತಿಗೆ. ಮದ್ದು ಮೈಯಲ್ಲಿ ಮೂರು ವಾರ ಇರುತ್ತೆ. ಅಷ್ಟರೊಳಗೆ ಯಾವಾಗ ಬೇಕಾದ್ರೂ ರಕ್ತವನ್ನ ಹಿಡಿಯಬಹುದು."

ಹೆಂಡತಿ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ನೆಲಕ್ಕಿಟ್ಟಳು.

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು.